ಮಳಿಗೆಗೆ ಅಡ್ವಾನ್ಸ್ ಕೊಡುವ ಮುನ್ನ

ಮಗಳೇ, ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಮಳಿಗೆ ಹಿಡಿದು ಬಟ್ಟೆ ಅಂಗಡಿ ಇಡುವ ಯೋಚನೆ ಮಾಡಿದ್ದೀಯಂತೆ. ನಿಮ್ಮಪ್ಪ ಹೇಳಿದ, ಸಂತೋಷವಾಯಿತು. ಮುದ್ರಾ ಸಾಲಕ್ಕೆ ಅರ್ಜಿ ಹಾಕುವುದು, ಮಾಲು ಎಲ್ಲಿಂದ ತರಿಸಬೇಕು, ಯಾವುದಕ್ಕೆ ಎಷ್ಟು ಮಾರ್ಜಿನ್ ಎಂಬುದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ದಿನಸಿ ಅಂಗಡಿಯ ಗಲ್ಲಾ ಮುಂದೆ ಕೂತು ಆಯಸ್ಸು ಕಳೆದವನಾಗಿ ಒಂದು ಮಾತು ಹೇಳಬೇಕು ಅನಿಸಿದೆ. ಅಡ್ವಾನ್ಸ್ ಕೊಡುವ ಮುನ್ನ ಈ ಊರಿನಲ್ಲಿ ದುಡ್ಡು ಯಾರ ಕೈಯಲ್ಲಿದೆ, ಎಲ್ಲಿಂದ ಬರುತ್ತದೆ, ಬಂದದ್ದು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ನೀನೇ ತಿರುಗಾಡಿ ತಿಳಿದುಕೋ. ಬ್ಯಾಂಕಿನವರು ನಿನ್ನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಇದನ್ನು ಕೇಳುವುದಿಲ್ಲ. ನಿನ್ನ ಅಂಗಡಿ ನಿಲ್ಲುವುದು ಮಾತ್ರ ಇದರ ಮೇಲೆಯೇ.

‘ಕೊಬ್ಬರಿಗೆ ರೇಟ್ ಬಂದಿದೆ ದೊಡ್ಡಪ್ಪ, ಜನರ ಹತ್ತಿರ ದುಡ್ಡು ಓಡಾಡ್ತಿದೆ’ ಅಂತ ನೀನು ಹೇಳಿದ್ದು ನನಗೆ ನೆನಪಿದೆ. ರೇಟ್ ಬಂದದ್ದು ನಿಜ. 2024ರ ಶುರುವಿನಲ್ಲಿ ಇದೇ ಊರಿನ ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 10,000 ರೂಪಾಯಿಗಿಂತ ಕೆಳಗಿತ್ತು. ಕೇಂದ್ರದ ಬೆಂಬಲ ಬೆಲೆ 12,000, ಅದರ ಮೇಲೆ ರಾಜ್ಯದ್ದು 1,500. ನಾಫೆಡ್ ಖರೀದಿಗೆ ಹೆಸರು ಬರೆಸಲು ರೈತರು ರಾತ್ರಿಯೆಲ್ಲ ಸಾಲಿನಲ್ಲಿ ಕೂತಿದ್ದರು. ಮರುವರ್ಷ, 2025ರಲ್ಲಿ, ಅದೇ ಕೊಬ್ಬರಿ 20,000 ದಾಟಿ ಇನ್ನೂ ಮೇಲಕ್ಕೆ ಹೋಯಿತು. ಯಾರ ಬಾಯಲ್ಲಿ ನೋಡಿದರೂ ಅದೇ ಮಾತು. ಆದರೆ ಬೆಲೆ ಯಾಕೆ ಏರಿತು ಎಂದು ಕೇಳಿದವರು ಕಡಿಮೆ. ಮಾಲು ಇರಲಿಲ್ಲ, ಅದಕ್ಕೇ ಏರಿತು. ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗ ತೋಟಗಳನ್ನು ತಿಂದಿದ್ದವು. ಎಳನೀರಿಗೆ ಒಳ್ಳೆಯ ಬೆಲೆ ಸಿಕ್ಕಿದ್ದರಿಂದ ಬೆಳೆಯಬೇಕಾದ ಕಾಯಿ ಎಳೆಯದರಲ್ಲೇ ಮರದಿಂದ ಇಳಿದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ 2023ರ ಬರ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು.

ಇಲ್ಲಿ ಸ್ವಲ್ಪ ನಿಧಾನಿಸು, ಈ ಊರಿನ ಲೆಕ್ಕವೆಲ್ಲ ಇದರಲ್ಲೇ ಇದೆ. ರಾಗಿಗೆ ಮಳೆ ಕೈಕೊಟ್ಟರೆ ಆ ವರ್ಷವೇ ಗೊತ್ತಾಗುತ್ತದೆ. ತೆಂಗು ಹಾಗಲ್ಲ, ಬರದ ಏಟನ್ನು ತಡವಾಗಿ ತೋರಿಸುತ್ತದೆ. ಹೊಂಬಾಳೆ ಒಡೆದದ್ದು ಬಲಿತ ಕಾಯಾಗಲು ಒಂದು ವರ್ಷ ಬೇಕು. ಆ ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಟಗಟ ಅನ್ನುವ ಕೊಬ್ಬರಿಯಾಗಲು ಮತ್ತೆ ಹತ್ತು ತಿಂಗಳ ಹತ್ತಿರ. ಅಂದರೆ ಇವತ್ತು ನಮ್ಮ ಪೇಟೆಯಲ್ಲಿ ಓಡಾಡುವ ದುಡ್ಡು ಎರಡು ವರ್ಷದ ಹಿಂದಿನ ಮಳೆಯದು. ಈ ವರ್ಷ ಕೆರೆ ತುಂಬಿದೆ, ಹೇಮಾವತಿ ನಾಲೆ ಹರಿದಿದೆ ಅಂತ ಈ ವರ್ಷವೇ ವ್ಯಾಪಾರ ಕುದುರುತ್ತದೆ ಎಂದುಕೊಂಡವರನ್ನು ಕಂಡಿದ್ದೇನೆ. ಹಾಗೆಯೇ, ತೋಟ ಒಣಗಿದ ವರ್ಷದಲ್ಲೂ ಅಟ್ಟದ ಹಳೇ ಮಾಲು ಮಾರಿ ಮದುವೆ ಜೋರಾಗಿ ಮಾಡಿದ್ದನ್ನೂ ಕಂಡಿದ್ದೇನೆ. ಆ ಮದುವೆಯ ಜವಳಿ ನೋಡಿ ಅಂಗಡಿ ಇಟ್ಟವರಿಗೆ ಕಷ್ಟ ಬಂದದ್ದು ಆಮೇಲೆ.

ಆದ್ದರಿಂದ ಪೇಪರಿನಲ್ಲಿ ಬರುವ ದರ ಒಂದನ್ನೇ ನೋಡಬೇಡ. ವಾರಕ್ಕೆ ಎರಡು ದಿನ ಹರಾಜು ನಡೆಯುತ್ತದಲ್ಲ, ಒಂದಿಷ್ಟು ಹರಾಜಿನ ದಿನ ಬೆಳಗ್ಗೆಯೇ ಯಾರ್ಡಿಗೆ ಹೋಗು. ಹರಾಜು ಈಗ ಕಂಪ್ಯೂಟರಿನಲ್ಲಿ ಮುಗಿಯುತ್ತದೆ, ಅಲ್ಲಿ ಕೂಗಾಟವೇನೂ ಕೇಳಿಸುವುದಿಲ್ಲ. ನೀನು ನೋಡಬೇಕಾದದ್ದು ಚೀಲಗಳನ್ನು. ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಕೊಬ್ಬರಿ ದರ ಇಮ್ಮಡಿಯಾದರೆ ಅವರ ಕೂಲಿ ಇಮ್ಮಡಿಯಾಗುವುದಿಲ್ಲ, ಚೀಲ ಅರ್ಧಕ್ಕೆ ಇಳಿದರೆ ಮಾತ್ರ ಅವರ ಮನೆಯ ಆದಾಯ ಅರ್ಧಕ್ಕೇ ಇಳಿಯುತ್ತದೆ. ಕಾಯಿ ಸುಲಿಯುವವರು, ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಹೆಂಗಸರು, ಗಾತ್ರ ನೋಡಿ ಆರಿಸುವವರು, ಮಾಲು ತರುವ ಲಗೇಜ್ ಆಟೋದವರು, ಯಾರ್ಡಿನ ಪಕ್ಕ ಚಿತ್ರಾನ್ನ, ಟೀ ಮಾರುವವರು, ಇವರೆಲ್ಲರ ಸಂಪಾದನೆಯೂ ಎಷ್ಟು ಮಾಲು ಬಂತು ಎಂಬುದರ ಮೇಲೆ ನಿಂತಿದೆ. ಹಮಾಲರು ಹನ್ನೊಂದು ಗಂಟೆಗೇ ಚೀಲದ ರಾಶಿಗೆ ಒರಗಿ ಕೂತಿದ್ದರೆ, ದರ ಎಷ್ಟೇ ಇರಲಿ, ಆ ವಾರ ಪೇಟೆಗೆ ದುಡ್ಡು ಹರಿಯಲಿಲ್ಲ ಎಂದೇ ತಿಳಿ. ನಿನ್ನ ಅಂಗಡಿಯಲ್ಲಿ ಮುನ್ನೂರು ರೂಪಾಯಿಯ ನೈಟಿ, ಮಕ್ಕಳ ಸ್ಕೂಲ್ ಯೂನಿಫಾರ್ಮ್ ಕೊಳ್ಳುವವರು ಇವರೇ. ಹತ್ತು ಎಕರೆ ತೋಟದವರು ಮದುವೆ ಜವಳಿಗೆ ಬೆಂಗಳೂರಿಗೆ ಹೋಗುತ್ತಾರೆ.

ತೋಟದವರ ಪರಿಸ್ಥಿತಿ ತಿಳಿಯಬೇಕಿದ್ದರೆ ಅವರ ಅಟ್ಟ ನೋಡಬೇಕು. ಹಳ್ಳಿಗಳಲ್ಲಿ ನಮ್ಮ ನೆಂಟರಿಷ್ಟರ ಮನೆ ಇದ್ದೇ ಇವೆ, ಹೋದಾಗ ಒಮ್ಮೆ ತಲೆಯೆತ್ತಿ ನೋಡು. ನಮ್ಮ ಕಡೆಯ ರೈತನಿಗೆ ಅಟ್ಟವೇ ಬ್ಯಾಂಕಿನ ಡಿಪಾಜಿಟ್ಟು. ತುಂಬಿದ್ದರೆ ಆತ ಬೆಲೆಗೆ ಕಾಯಬಲ್ಲ, ಮಂಡಿಯವರ ಹತ್ತಿರ ಗಟ್ಟಿಯಾಗಿ ಮಾತಾಡಬಲ್ಲ. ಖಾಲಿಯಿದ್ದರೆ ಯಾಕೆ ಖಾಲಿ ಎಂದು ವಿಚಾರಿಸು. ಒಳ್ಳೆ ದರಕ್ಕೆ ಕೊಬ್ಬರಿ ಮಾರಿ ಖಾಲಿಯಾಗಿದ್ದರೆ ಚಿಂತೆಯಿಲ್ಲ. ಆಸ್ಪತ್ರೆ ಖರ್ಚಿಗೋ ಮಕ್ಕಳ ಫೀಸಿಗೋ ಹಸಿಕಾಯಿಯನ್ನೇ ಲೋಡು ಮಾಡಿ ಕಳಿಸಿದ್ದರೆ, ಮುಂದಿನ ವರ್ಷ ಆ ಮನೆಗೆ ಬರಬೇಕಾದ ದುಡ್ಡು ಈಗಲೇ ಖರ್ಚಾಗಿದೆ. ಎಳನೀರಿಗೂ ಹಸಿಕಾಯಿಗೂ ಬೆಲೆ ಇದ್ದಾಗ, ಲಾಭ ನೋಡಿ ಬೇಕೆಂದೇ ಹಾಗೆ ಮಾರುವವರೂ ಉಂಟು. ಕೇಳದೆ ತೀರ್ಮಾನಕ್ಕೆ ಬರಬೇಡ.

ಇನ್ನು ನಮ್ಮ ದಿನಸಿ ಅಂಗಡಿಯ ಸಾಲದ ಪುಸ್ತಕ. ನನಗೆ ತಿಳಿದ ಮಟ್ಟಿಗೆ ಊರಿನ ಸ್ಥಿತಿ ಹೇಳುವುದರಲ್ಲಿ ಇದಕ್ಕಿಂತ ನಂಬಿಕಸ್ಥವಾದದ್ದು ಬೇರೆ ಇಲ್ಲ. ಸಾಲ ಬರೆಸುವವರು ಜಾಸ್ತಿಯಾದರೆ ಊರು ಬಡವಾಯಿತು ಅಂತ ಎಲ್ಲರೂ ತಿಳಿಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಕೆಲಸ ಚೆನ್ನಾಗಿರುವಾಗಲೂ ಜನ ಬರೆಸುತ್ತಾರೆ, ಸಂಬಳದ ದಿನ ಇಲ್ಲವೇ ಡೇರಿ ಬಟವಾಡೆಯ ದಿನ ಬಂದು ಚುಕ್ತಾ ಮಾಡುತ್ತಾರೆ. ನೋಡಬೇಕಾದದ್ದು ತೀರಿಸುವ ರೀತಿಯನ್ನು. ಮೊದಲು ಪೂರ್ತಿ ತೀರಿಸುತ್ತಿದ್ದವರು ‘ಐನೂರು ಇಟ್ಕೊಳ್ಳಿ, ಉಳಿದದ್ದು ಮುಂದಿನ ಬಟವಾಡೆಗೆ’ ಅನ್ನಲು ಶುರುಮಾಡುತ್ತಾರೆ. ಆಮೇಲೆ ತಾವು ಬರುವುದು ಬಿಟ್ಟು ಮಕ್ಕಳ ಕೈಯಲ್ಲಿ ಚೀಟಿ ಕಳಿಸುತ್ತಾರೆ. ಆಮೇಲೆ ನಮ್ಮ ಅಂಗಡಿ ದಾಟದೆ ಹಿಂದಿನ ರಸ್ತೆ ಹಿಡಿಯುತ್ತಾರೆ. ಇದೆಲ್ಲ ಒಂದೆರಡು ಮನೆಯಲ್ಲಾದರೆ ಆ ಮನೆಯ ಕಷ್ಟ. ಒಂದೇ ತಿಂಗಳಲ್ಲಿ ಒಂದು ಬೀದಿಯ ಹತ್ತಾರು ಮನೆಗಳಲ್ಲಿ ಆದರೆ ಊರಿನ ಕಷ್ಟ. ಅಡುಗೆ ಎಣ್ಣೆ ಲೀಟರ್ ಬದಲು ಕಾಲು ಲೀಟರ್ ಒಯ್ಯುವುದು, ಮೊಬೈಲಿಗೆ 84 ದಿನದ ರೀಚಾರ್ಜ್ ಹಾಕಿಸುತ್ತಿದ್ದವರು 28 ದಿನಕ್ಕೆ ಇಳಿಯುವುದು, ಇವೂ ಅದೇ ಹೊತ್ತಿನಲ್ಲಿ ಕಾಣುತ್ತವೆ. ಬಟ್ಟೆಯ ವಿಷಯದಲ್ಲಿ ನಿನಗೆ ಟೈಲರ್‌ಗಳು ಹೇಳುತ್ತಾರೆ. ಹೊಸದು ಹೊಲಿಸುವುದು ಕಡಿಮೆಯಾಗಿ, ಹಳೆಯದನ್ನು ಬಿಚ್ಚಿಸಿ ಸರಿಮಾಡಿಸುವ ಕೆಲಸ ಹೆಚ್ಚಾಗಿದೆಯೇ ಎಂದು ಕೇಳು.

ಹೆಂಗಸರ ಕೈಯ ದುಡ್ಡಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಿನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಅವರೇ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ ಎರಡು ಸಾವಿರ ಮನೆಯೊಡತಿಯ ಖಾತೆಗೆ ಬರುತ್ತಿದೆ. ಆ ದುಡ್ಡು ಬೆಂಗಳೂರಿಗೆ ಹೋಗುವುದಿಲ್ಲ, ಇಲ್ಲೇ ಕಾಳು, ಬೇಳೆ, ಮಕ್ಕಳ ಚಪ್ಪಲಿ, ಒಂದು ಸೀರೆಯಾಗಿ ಖರ್ಚಾಗುತ್ತದೆ. ಎರಡು ಮೂರು ಕಂತು ಬಾಕಿ ಉಳಿದು ಒಟ್ಟಿಗೆ ಬಿದ್ದ ವಾರ ಪೇಟೆಯ ಕಳೆಯೇ ಬೇರೆ. ಆ ಒಂದು ವಾರ ನೋಡಿ ಇಡೀ ವರ್ಷ ಹೀಗೇ ಇರುತ್ತದೆ ಎಂದು ಮಾಲು ತುಂಬಬೇಡ. ಮತ್ತೊಂದು ಕಡೆ ಮೈಕ್ರೋ ಫೈನಾನ್ಸ್ ಸಂಘದ ಸಾಲದ ಕಂತು ಇದೆ. ನಿನ್ನ ಬೀದಿಯ ಹೆಂಗಸರು ಎಷ್ಟು ಸಂಘಕ್ಕೆ ಕಟ್ಟುತ್ತಿದ್ದಾರೆ, ವಾರದ ಯಾವ ದಿನ ಕಟ್ಟುತ್ತಾರೆ ಎಂದು ತಿಳಿದುಕೋ. ಕಂತಿನ ಹಿಂದಿನ ದಿನ ಯಾರೂ ಬಟ್ಟೆ ಕೊಳ್ಳುವುದಿಲ್ಲ. ಒಂದು ಸಂಘದ ಸಾಲ ತೀರಿಸಲು ಇನ್ನೊಂದರಲ್ಲಿ ಎತ್ತುವುದು ಶುರುವಾಗಿದ್ದರೆ ಅದು ದೊಡ್ಡ ಅಪಾಯದ ಗುರುತು. 2025ರ ಜನವರಿಯಲ್ಲಿ ರಾಜ್ಯದ ಹಲವು ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಹೋದರು, ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಬೀಗ ಬೀಳುವುದಕ್ಕೆ ಎಷ್ಟೋ ಮೊದಲು ಅಲ್ಲಿನ ದಿನಸಿ ಅಂಗಡಿಯವರಿಗೆ ಗೊತ್ತಾಗಿರುತ್ತದೆ.

ಚಿನ್ನದ ಸಾಲದ ಕೌಂಟರಿನ ಮುಂದಿನ ಸಾಲನ್ನೂ ಗಮನಿಸು, ಆದರೆ ಎಚ್ಚರದಿಂದ. 2025ರಲ್ಲಿ 10 ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿತು. ಅದೇ ವರ್ಷದ ಜೂನಿನಲ್ಲಿ ರಿಸರ್ವ್ ಬ್ಯಾಂಕು ಎರಡೂವರೆ ಲಕ್ಷದೊಳಗಿನ ಸಾಲಕ್ಕೆ, ಒಡವೆಯ ಬೆಲೆಯ ಶೇ 75 ಇದ್ದ ಮಿತಿಯನ್ನು ಶೇ 85ಕ್ಕೆ ಏರಿಸುವುದಾಗಿ ಹೇಳಿತು. ಹೀಗಾಗಿ ಅದೇ ಬಳೆ, ಅದೇ ಸರಕ್ಕೆ ಈಗ ಹೆಚ್ಚು ದುಡ್ಡು ಸಿಗುತ್ತದೆ. ಅಡವಿಡುವವರು ಯಾವ ತಿಂಗಳು ಬಂದರು ಎಂಬುದನ್ನು ನೋಡು. ಬಿತ್ತನೆ ಹೊತ್ತಿಗೆ, ಶಾಲೆ ಶುರುವಾಗುವ ಹೊತ್ತಿಗೆ ಇಟ್ಟು, ಮಾಲು ಮಾರಿದ ಮೇಲೆ ಬಿಡಿಸಿಕೊಂಡು ಹೋಗುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಸುಗ್ಗಿ ಕಳೆದ ಮೇಲೂ ಬಿಡಿಸದೆ ಬಡ್ಡಿ ಮಾತ್ರ ಕಟ್ಟಿ ಮುಂದೂಡುತ್ತಿದ್ದರೆ, ಪೇಪರಿನಲ್ಲಿ ಒಡವೆ ಹರಾಜಿನ ನೋಟಿಸು ಉದ್ದವಾಗುತ್ತಿದ್ದರೆ, ಜನರ ಕೈ ಬರಿದಾಗಿದೆ ಎಂದು ಅರ್ಥ.

ಕಣ್ಣಿಗೆ ಸಂಪತ್ತಿನಂತೆ ಕಾಣುವ ಕೆಲವು ಸಂಗತಿಗಳನ್ನು ನಂಬಬೇಡ. ಹಳ್ಳಿಗಳಲ್ಲಿ ರಾತ್ರಿಯೆಲ್ಲ ಬೋರ್‌ವೆಲ್ ಲಾರಿ ಸದ್ದು ಮಾಡುತ್ತಿದ್ದರೆ ಲಕ್ಷಗಟ್ಟಲೆ ಖರ್ಚಾಗುತ್ತಿದೆ ನಿಜ. ಅದರಲ್ಲಿ ದೊಡ್ಡ ಪಾಲು ಲಾರಿಯ ಜೊತೆಗೇ ತಮಿಳುನಾಡಿನ ತಿರುಚೆಂಗೋಡಿನ ಕಡೆ ಹೋಗುತ್ತದೆ, ಸಾಲ ಮಾತ್ರ ಇಲ್ಲಿ ಉಳಿಯುತ್ತದೆ. ನೀರು ಸಿಕ್ಕದಿದ್ದರೆ ಆ ಮನೆ ಮೂರು ವರ್ಷ ಹೊಸ ಬಟ್ಟೆಯ ಮಾತೆತ್ತುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜನ ತುಂಬಿರುವುದಕ್ಕೆ ಶಕ್ತಿ ಯೋಜನೆ ಕಾರಣ. ಪೇಟೆಗೆ ಬಂದವರೆಲ್ಲ ಕೊಳ್ಳಲು ಬಂದವರಲ್ಲ. ಬೈಕ್ ಶೋರೂಮಿನ ಮುಂದೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ಕಂಡ ಗುಂಪಿಗೆ, ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಒಂದು ಕಾರಣ. ಕೆಂಪಮ್ಮನ ಜಾತ್ರೆಯ ದಿನದ ವ್ಯಾಪಾರ, ಸತ್ಯಗಣಪತಿ ಉತ್ಸವದ ಜನಜಂಗುಳಿ ಎರಡೂ ನಮ್ಮ ಹೆಮ್ಮೆ, ಆದರೆ ಲೆಕ್ಕಕ್ಕೆ ಹಿಡಿಯಬೇಕಾದವಲ್ಲ. ಹಾಗೆಯೇ ಬಡತನದಂತೆ ಕಂಡರೂ ಬಡತನವಲ್ಲದವು ಇವೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಎಷ್ಟೋ ಅಂಗಡಿಯವರು ಕ್ಯೂಆರ್ ಬೋರ್ಡು ತೆಗೆದು ‘ಕ್ಯಾಶ್ ಮಾತ್ರ’ ಅಂದರು. ಅದು ಭಯ, ವ್ಯಾಪಾರ ಬಿದ್ದದ್ದಲ್ಲ. ನೀನು ಮಾತ್ರ ಮೊದಲ ದಿನದಿಂದಲೇ ಲೆಕ್ಕ ಸರಿಯಾಗಿಡು. ಬಟ್ಟೆಯಂಥ ಸರಕಿನ ವ್ಯಾಪಾರದಲ್ಲಿ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಅದನ್ನು ಈಗಲೇ ತಿಳಿದಿರು.

ಮಳಿಗೆ ಹಿಡಿಯಬೇಡ ಅಂತ ನಾನು ಹೇಳುತ್ತಿಲ್ಲ. ಹೆಣ್ಣುಮಗಳು ಪೇಟೆಯಲ್ಲಿ ಸ್ವಂತ ಅಂಗಡಿ ಇಡುವುದು ನನಗೆ ಹೆಮ್ಮೆಯ ವಿಷಯ. ಆದರೆ ಮಾಲೀಕರು ಈಗ ಕೇಳುತ್ತಿರುವ ಅಡ್ವಾನ್ಸು ಕೊಬ್ಬರಿ 20,000 ದಾಟಿದ ವರ್ಷದ ಉಮೇದಿನದು, ಬಾಡಿಗೆಯೂ ಅಷ್ಟೇ. ದರ ಇಳಿದ ವರ್ಷ ಅವರು ಬಾಡಿಗೆ ಇಳಿಸುವುದಿಲ್ಲ. ಆಷಾಢ ಮುಗಿಯುವವರೆಗೆ ಕಾಯಲು ಆಗುತ್ತದೆಯೇ ನೋಡು. ಮದುವೆ ಇಲ್ಲದ ಆ ತಿಂಗಳಲ್ಲಿ ಬಿ.ಎಚ್. ರಸ್ತೆಯ ಯಾವ ಬಟ್ಟೆ ಅಂಗಡಿ ಬಾಡಿಗೆ ಹುಟ್ಟಿಸುತ್ತದೆ, ಯಾವುದು ಹುಟ್ಟಿಸುವುದಿಲ್ಲ ಎಂಬುದು ಕಾಣುತ್ತದೆ. ಕರಾರಿನಲ್ಲಿ ವರ್ಷಕ್ಕೆ ಎಷ್ಟು ಏರಿಕೆ, ನಡುವೆ ಬಿಟ್ಟರೆ ಅಡ್ವಾನ್ಸು ಎಷ್ಟು ದಿನದಲ್ಲಿ ವಾಪಸು ಎಂಬುದನ್ನು ಬರೆಸಿಕೋ, ಬಾಯಿಮಾತಿಗೆ ಬಿಡಬೇಡ. ಮೊದಲ ವರ್ಷ ಹಮಾಲರ ಮನೆಯವರು, ಚಿಪ್ಪು ಒಡೆಯುವ ಹೆಂಗಸರು ಕೊಳ್ಳುವಂಥ ಮಾಲನ್ನೇ ಹೆಚ್ಚು ಇಡು, ರೇಷ್ಮೆ ಸೀರೆ ಆಮೇಲೆ ನೋಡೋಣ. ಸಾಲ ಕೊಡಲೇಬೇಕಾದಾಗ ಯಾರಿಗೆ ಕೊಡಬಹುದು ಎಂದು ನನ್ನನ್ನು ಕೇಳು. ಪುಸ್ತಕ ನನ್ನ ಹತ್ತಿರ ಇನ್ನೂ ಇದೆ, ಹೆಸರು ಹೊರಗೆ ಹೇಳಬಾರದು, ನಿನಗೆ ಹೌದು ಅಥವಾ ಬೇಡ ಎಂದಷ್ಟೇ ಹೇಳುತ್ತೇನೆ.