ಕತ್ತಿನೊಳಗಿನ ನೀರಗಂಟಿ

ಹೊಸಹಳ್ಳಿಯ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರ್ತಾರೆ. ವಯಸ್ಸು 52. ಮನೆಯಲ್ಲೇ ಊದುಬತ್ತಿ ಹೊಸೆಯುತ್ತಾರೆ. ಎರಡು ವರ್ಷದಿಂದ ಅವರಿಗೆ ಮೈಕೈ ನೋವು, ಸುಸ್ತು. ಬಾಯಾರಿಕೆ ಜಾಸ್ತಿ. "ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ" ಅಂತ ಸುಮ್ಮನಿದ್ದರು. ಯಾರದೋ ಮಾತು ಕೇಳಿ ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ನುಂಗಿದರು. ನೋವು ಹೋಗಲಿಲ್ಲ. ಮೂತ್ರಪಿಂಡದಲ್ಲಿ ಎರಡು ಸಲ ಕಲ್ಲಾಯಿತು. ಆಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. "ತೊಂದರೆ ಇರೋದು ನಿಮ್ಮ ಕತ್ತಿನಲ್ಲಿ" ಅಂದರು.

ನೋವು ಮೂಳೆಯಲ್ಲಿ, ರೋಗ ಕತ್ತಿನಲ್ಲೇ? ಬನ್ನಿ, ತಿಳಿಯೋಣ.

ಕ್ಯಾಲ್ಸಿಯಂ ಅಂದರೆ ಸುಣ್ಣದ ಅಂಶ. ದೊಡ್ಡವರ ಮೈಯಲ್ಲಿ ಸುಮಾರು 1 ಕಿಲೋ ಇರುತ್ತದೆ. ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ತೀರ ಸ್ವಲ್ಪ. ಆದರೆ ಆ ಸ್ವಲ್ಪ ಇಲ್ಲದಿದ್ದರೆ ಹೃದಯ ಸರಿಯಾಗಿ ಬಡಿಯದು, ಕೈಕಾಲು ಸರಿಯಾಗಿ ಆಡದು.

ಹಳ್ಳಿಯಲ್ಲಿ ಕೆರೆ ಇರುತ್ತದೆ. ಕಾಲುವೆ ಇರುತ್ತದೆ. ಕಾಲುವೆಗೆ ನೀರು ಬೇಕಾದಾಗ ನೀರಗಂಟಿ ತೂಬು ಎತ್ತುತ್ತಾನೆ. ಸಾಕಾದಾಗ ಮುಚ್ಚುತ್ತಾನೆ. ನಮ್ಮ ಮೈಯಲ್ಲಿ ಮೂಳೆಯೇ ಕೆರೆ, ರಕ್ತವೇ ಕಾಲುವೆ. ಕತ್ತಿನಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ನಾಲ್ಕು ಪುಟ್ಟ ಗ್ರಂಥಿಗಳಿವೆ. ಒಂದೊಂದೂ ಅಕ್ಕಿಕಾಳಿನಷ್ಟು. ಹೆಸರು ಪ್ಯಾರಾಥೈರಾಯ್ಡ್. ಇವೇ ನಮ್ಮ ನೀರಗಂಟಿಗಳು.

ಕೆಲವರಲ್ಲಿ ಒಂದು ಗ್ರಂಥಿ ಊದಿ ಅತಿಯಾಗಿ ಕೆಲಸ ಮಾಡುತ್ತದೆ. ತೂಬು ಮುಚ್ಚುವುದೇ ಇಲ್ಲ. ಕೆರೆ ಬರಿದು, ಕಾಲುವೆ ತುಂಬಿ ಹರಿಯುತ್ತದೆ. ಮೂಳೆ ಸವೆಯುತ್ತದೆ. ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತದೆ. ಮಲಬದ್ಧತೆ, ಮರೆವು, ಬೇಸರ ಬರಬಹುದು. 50 ದಾಟಿದ ಹೆಂಗಸರಲ್ಲಿ ಇದು ಹೆಚ್ಚು.

ಇದಕ್ಕೆ ಮದ್ದು ಇದೆ. ಊದಿದ ಗ್ರಂಥಿಯನ್ನು ಆಪರೇಷನ್ ಮಾಡಿ ತೆಗೆಯುತ್ತಾರೆ. 1925ರಲ್ಲಿ ವಿಯೆನ್ನಾ ನಗರದಲ್ಲಿ ಫೆಲಿಕ್ಸ್ ಮ್ಯಾಂಡ್ಲ್ ಎಂಬ ಡಾಕ್ಟರು ಟ್ರಾಮ್ ಗಾಡಿಯ ಕೆಲಸಗಾರನೊಬ್ಬನಿಗೆ ಇಂಥ ಆಪರೇಷನ್ ಮಾಡಿದ್ದರು. ಉಳಿದ ಗ್ರಂಥಿಗಳು ಕೆಲಸ ನೋಡಿಕೊಳ್ಳುತ್ತವೆ.

ಅಕ್ಕ ಮೊದಲು ಹೆದರಿದರು. "ಕತ್ತು ಕುಯ್ತಾರಂತೆ, ನಾ ಒಲ್ಲೆ" ಅಂದರು. ನಾವೆಲ್ಲ ಕೂತು ಅವರ ಪರೀಕ್ಷೆಯ ಚೀಟಿ ಓದಿದೆವು. ಕ್ಯಾಲ್ಸಿಯಂ ಇರಬೇಕಾದ್ದು ಸುಮಾರು 8.5ರಿಂದ 10.5. ಅವರದು 11.8. ಅಂಕಿಯನ್ನು ಅಕ್ಕನೇ ಓದಿದರು. ಮಾರನೇ ವಾರ ಆಸ್ಪತ್ರೆಗೆ ಸೇರಿದರು. ಆಪರೇಷನ್ ಆದ ಮೇಲೆ ಹೊಸ ಚೀಟಿ ತಂದು ನಮಗೆ ಓದಿ ಹೇಳಿದರು: 9.4!

ನೆನಪಿಡೋಣ:

ಎಲ್ಲ ಮೈಕೈ ನೋವೂ ಇದೇ ರೋಗವಲ್ಲ. ಬಿಸಿಲು ಕಾಣದೆ ಡಿ ವಿಟಮಿನ್ ಕಡಿಮೆಯಾದರೂ ಮೂಳೆ ನೋಯುತ್ತದೆ. ಪರೀಕ್ಷೆಯಿಂದಲೇ ಗೊತ್ತಾಗಬೇಕು.

ಡಾಕ್ಟರನ್ನು ಕೇಳದೆ ಕ್ಯಾಲ್ಸಿಯಂ ಮಾತ್ರೆ ನುಂಗಬಾರದು.

ರಾಗಿ ಮುದ್ದೆ, ಹಾಲು, ಮಜ್ಜಿಗೆ, ಸೊಪ್ಪು ಬಿಡಬಾರದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಬಹಳ ಕಡಿಮೆ.

ಮತ್ತೆ ಮತ್ತೆ ಕಲ್ಲಾದರೆ, ಸಣ್ಣ ಪೆಟ್ಟಿಗೇ ಮೂಳೆ ಮುರಿದರೆ, ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಬೇಕೇ ಅಂತ ಕೇಳಬೇಕು.

ಉತ್ತರ ಹೇಳಿ:

1. ನಮ್ಮ ಮೈಯಲ್ಲಿ ಕೆರೆ ಯಾವುದು? ಕಾಲುವೆ ಯಾವುದು?
2. ಅಕ್ಕ ಮಾಡಿದ ತಪ್ಪು ಏನು?
3. ನಿಮ್ಮ ಮನೆಯಲ್ಲಿರುವ ಆಸ್ಪತ್ರೆ ಚೀಟಿ ತನ್ನಿ. ಅದರಲ್ಲಿರುವ ಅಂಕಿಗಳನ್ನು ಓದಿ.