ಭರೂಚಿನ ಪೇಟೆಯಲ್ಲಿ ಅಥೀನಾ

ವಡೋದರಾದಿಂದ ಸೂರತ್ತಿಗೆ ರೈಲಿನಲ್ಲಿ ಹೋಗುವಾಗ ಭರೂಚ್ ದಾಟಿದ ಕೂಡಲೇ ನರ್ಮದೆಯ ಸೇತುವೆ ಬರುತ್ತದೆ. ಆಗ ಎಷ್ಟೋ ಮಂದಿ ಕಿಟಕಿಯಿಂದ ನದಿಗೆ ನಾಣ್ಯ ಎಸೆದು ಕೈಮುಗಿಯುತ್ತಾರೆ. ನಾನೂ ಎಸೆದಿದ್ದೇನೆ. ದೇವಿಗೆ ನಾಣ್ಯ ಕೊಡುವುದು ನಮಗೆಲ್ಲ ಗೊತ್ತು. ಆದರೆ ಇದೇ ಭರೂಚಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ದೇವಿಯೇ ನಾಣ್ಯದ ಮೇಲೇರಿ ಕೈಯಿಂದ ಕೈಗೆ ಓಡಾಡುತ್ತಿದ್ದಳು. ಅವಳು ಗ್ರೀಕರ ಅಥೀನಾ.

ಗ್ರೀಕ್ ಪುರಾಣದ ಪ್ರಕಾರ ಅಥೀನಾ ದೇವರಾಜ ಸ್ಯೂಸನ ತಲೆಯಿಂದ, ಕವಚ ತೊಟ್ಟೇ ಹುಟ್ಟಿದವಳು. ವಿದ್ಯೆ, ನೇಯ್ಗೆ, ಯುದ್ಧ ಮೂರಕ್ಕೂ ಅವಳೇ ಅಧಿದೇವತೆ. ಸರಸ್ವತಿಯನ್ನೂ ದುರ್ಗೆಯನ್ನೂ ಒಂದೇ ಮೂರ್ತಿಯಲ್ಲಿ ಕಂಡ ಹಾಗೆ ಅಂದುಕೊಳ್ಳಿ. ಗೂಬೆ ಅವಳ ಪಕ್ಷಿ. ಅಥೆನ್ಸಿನ ಪಾರ್ಥೆನಾನ್ ಅವಳ ಗುಡಿ.

ಕ್ರಿ.ಪೂ. 2ನೇ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಗ್ರೀಕ್ ರಾಜ ಮೆನಾಂಡರ್. ಬೌದ್ಧರ 'ಮಿಲಿಂದಪನ್ಹ'ದಲ್ಲಿ ನಾಗಸೇನನಿಗೆ ಪ್ರಶ್ನೆ ಹಾಕುವ ಮಿಲಿಂದ ಇವನೇ. ಇವನ ಬೆಳ್ಳಿ ನಾಣ್ಯದ ಒಂದು ಬದಿ ರಾಜನ ಮುಖ, ಸುತ್ತ ಗ್ರೀಕ್ ಲಿಪಿ. ಇನ್ನೊಂದು ಬದಿ ಗುರಾಣಿ ಹಿಡಿದು ಸಿಡಿಲು ಎಸೆಯುವ ಅಥೀನಾ. ಅವಳ ಸುತ್ತ ಖರೋಷ್ಠಿ ಲಿಪಿಯಲ್ಲಿ ಪ್ರಾಕೃತ. ಗ್ರೀಕಿನ 'ಸೋಟೆರ್' ಅಲ್ಲಿ 'ತ್ರಾತಾರ' ಆಗಿದೆ, ಅಂದರೆ ಕಾಪಾಡುವವನು. ಕನ್ನಡದಲ್ಲಿ ಓದಿ ಬಂದು ಇಂಗ್ಲಿಷ್ ಲೆಕ್ಕಪತ್ರದ ಮುಂದೆ ತಿಣುಕಿದ ನನಗೆ ಇದು ಬಹಳ ಹಿಡಿಸಿತು. ರಾಜ ತನ್ನ ಭಾಷೆ ಬಿಡಲಿಲ್ಲ, ಜನರ ಭಾಷೆಯನ್ನೂ ಬಿಡಲಿಲ್ಲ.

ಈ ನಾಣ್ಯಕ್ಕೂ ಭರೂಚಿಗೂ ಏನು ಸಂಬಂಧ? ಕ್ರಿ.ಶ. 1ನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಸಮುದ್ರಯಾನದ ಕೈಪಿಡಿ ಭರೂಚನ್ನು 'ಬರಿಗಾಜ' ಎನ್ನುತ್ತದೆ. ಅಪೊಲೊಡೋಟಸ್ ಮತ್ತು ಮೆನಾಂಡರರ ಹಳೆಯ ದ್ರಾಖ್ಮಗಳು ಅಲ್ಲಿ ಇನ್ನೂ ಚಲಾವಣೆಯಲ್ಲಿವೆ ಎಂದು ಬರೆದಿದೆ. ಅಷ್ಟು ಹೊತ್ತಿಗೆ ಮೆನಾಂಡರ್ ಸತ್ತು ನೂರೈವತ್ತು ವರ್ಷಕ್ಕೂ ಮೇಲಾಗಿತ್ತು! ರಾಜನಿಲ್ಲ, ಅವನ ರಾಜ್ಯವಿಲ್ಲ, ನಾಣ್ಯ ಮಾತ್ರ ನಡೀತಾ ಇತ್ತು. 'ಹಣವೆಂದರೆ ಎಲ್ಲರೂ ಒಪ್ಪುವ ವಿನಿಮಯ ಸಾಧನ' ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಇಲ್ಲಿ. ವ್ಯಾಪಾರಿ ನೋಡಿದ್ದು ಸುಮಾರು ಎರಡೂವರೆ ಗ್ರಾಂ ಬೆಳ್ಳಿಯನ್ನು. ದೇವಿ ಅವನಿಗೆ ನಂಬಿಕೆಯ ಮುದ್ರೆ ಅಷ್ಟೇ ಆಗಿದ್ದಿರಬೇಕು.

ಹಾಗಾದರೆ ಪೂಜಿಸುವವರಿಲ್ಲದ ಊರಲ್ಲಿ ದೇವತೆಗೆ ಉಳಿಯುವುದೇನು? ಮುಂದೆ ಇಲ್ಲಿ ಆಳಿದ ಕ್ಷತ್ರಪರ ಬೆಳ್ಳಿ ನಾಣ್ಯಗಳಲ್ಲಿ ಅಥೀನಾ ಇಲ್ಲ. ಗ್ರೀಕ್ ಅಕ್ಷರಗಳು ಮಾತ್ರ ಉಳಿದು, ಬರಬರುತ್ತಾ ಓದಲಾಗದ ಗೀರುಗಳಾದವು. ಆದರೆ ದ್ರಾಖ್ಮ ಎಂಬ ಮಾತು ಸಾಯಲಿಲ್ಲ. ಅದು 'ದ್ರಮ್ಮ'ವಾಗಿ, ಹಿಂದಿ ಗುಜರಾತಿಗಳಲ್ಲಿ ಬೆಲೆ ಎಂಬರ್ಥದ 'ದಾಮ್' ಆಯಿತು. ಗ್ರೀಸಿನಲ್ಲೇ 2002ರಲ್ಲಿ ದ್ರಾಖ್ಮ ಹೋಗಿ ಯೂರೋ ಬಂತು. ಅಲ್ಲಿನ ಒಂದು ಯೂರೋ ನಾಣ್ಯದ ಮೇಲೆ ಅಥೀನಾಳ ಗೂಬೆ ಇಂದಿಗೂ ಕೂತಿದೆ.

ಗೆಳೆಯರೇ, ಮುಂದಿನ ಸಲ ನರ್ಮದೆಗೆ ನಾಣ್ಯ ಎಸೆಯುವ ಮುಂಚೆ ಎರಡೂ ಬದಿ ತಿರುಗಿಸಿ ಒಮ್ಮೆ ಓದಿ ನೋಡಿ.