ಪ್ರೆಸ್ಟನ್ನಿನ ಕಾಲ್ಚೆಂಡು ವೀರರು

ಒಂದು ಸಂಸ್ಥೆಯ ಚರಿತ್ರೆಯನ್ನು ಬರೆಯಹೊರಟವನ ಮುಂದೆ ಎರಡು ಬಗೆಯ ಸಾಮಗ್ರಿ ಇರುತ್ತದೆ. ಮೊದಲನೆಯದು ಆ ಸಂಸ್ಥೆ ಪಡೆದ ಗೆಲವುಗಳ ಪಟ್ಟಿ. ಎರಡನೆಯದು ಅದರಲ್ಲಿ ಬಾಳಿ ದುಡಿದವರ ನಡತೆ. ಪಟ್ಟಿಯನ್ನು ಒಪ್ಪವಾಗಿ ಬರೆಯುವುದು ಸುಲಭ. ನಡತೆಯನ್ನು ತೂಗಿ ಹೇಳುವುದು ಕಷ್ಟ. ಇವೆರಡೂ ಸದಾ ಒಬ್ಬರಲ್ಲಿಯೇ ಕೂಡಿರಬೇಕೆಂಬ ನಿಯಮವಿಲ್ಲ. ಈ ಮಾತಿಗೆ ನಿದರ್ಶನವಾಗಿ ಇಂಗ್ಲೆಂಡಿನ ಒಂದು ಹಳೆಯ ಕಾಲ್ಚೆಂಡಿನ ಸಂಘವನ್ನೂ, ಅದರಲ್ಲಿ ಬಾಳಿದ ನಾಲ್ವರನ್ನೂ ಪರಿಚಯ ಮಾಡಿಕೊಡುವುದು ಪ್ರಕೃತ ಲೇಖನದ ಉದ್ದೇಶ. ವ್ಯಾಕರಣ ಕಾವ್ಯಗಳ ಪಾಠ ಹೇಳುವವನಿಗೆ ಕಾಲ್ಚೆಂಡಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಆಟದ ಸೂಕ್ಷ್ಮಗಳನ್ನು ಬಲ್ಲೆನೆಂದು ನಾನು ಹೇಳಿಕೊಳ್ಳಲಾರೆ. ಆಡಿದವರ ಚರಿತ್ರೆಯನ್ನು ಮಾತ್ರ ಆದರದಿಂದ ಓದಿದ್ದೇನೆ.

ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಷೈರಿನಲ್ಲಿ, ರಿಬಲ್ ನದಿಯ ದಡದ ಮೇಲೆ ಪ್ರೆಸ್ಟನ್ ಎಂಬ ಊರಿದೆ. ನೂಲುವ ಯಂತ್ರಕ್ಕೆ ಹೆಸರಾದ ರಿಚರ್ಡ್ ಆರ್ಕ್‌ರೈಟ್ ಹುಟ್ಟಿದ ಊರು ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳಿಂದ ತುಂಬಿತ್ತು. ಅಲ್ಲಿನ ಪ್ರೆಸ್ಟನ್ ನಾರ್ತ್ ಎಂಡ್ ಎಂಬ ಸಂಘ ಮೊದಲು ಕ್ರಿಕೆಟ್ ಆಡುತ್ತಿದ್ದು, 1880ರಲ್ಲಿ ಕಾಲ್ಚೆಂಡಿನ ಆಟವನ್ನು ತನ್ನದಾಗಿ ಮಾಡಿಕೊಂಡಿತು. ಊರಿನ ಉತ್ತರದ ತುದಿಯಲ್ಲಿ ಆಡುತ್ತಿದ್ದುದರಿಂದ ಈ ಹೆಸರು. ಡೀಪ್‌ಡೇಲ್ ಎಂಬುದು ಅದರ ಕ್ರೀಡಾಂಗಣ.

ಈ ಸಂಘದ ಮೊದಲ ಏಳಿಗೆಗೆ ಕಾರಣನಾದವನು ವಿಲಿಯಂ ಸಡೆಲ್. ಇವನು ಆಟಗಾರನೆಂಬುದಕ್ಕಿಂತ ಸಂಘಟಕನೆಂದೇ ಪ್ರಸಿದ್ಧ. ಹತ್ತಿ ಗಿರಣಿಯೊಂದರ ವ್ಯವಸ್ಥಾಪಕ. ಆಟಗಾರರಿಗೆ ವೇತನ ಕೊಡುವುದು ಆಗ ನಿಷಿದ್ಧವಾಗಿತ್ತು. ಸಡೆಲ್ ಸ್ಕಾಟ್ಲೆಂಡಿನಿಂದ ನಿಪುಣರನ್ನು ಕರೆತಂದು ಹಣ ಕೊಟ್ಟು ಆಡಿಸಿದನು. 1884ರಲ್ಲಿ ಆಕ್ಷೇಪ ಬಂದಾಗ ಅದನ್ನು ಮರೆಮಾಚದೆ ಒಪ್ಪಿಕೊಂಡನು. ಸಂಘವನ್ನು ಆ ವರ್ಷದ ಸ್ಪರ್ಧೆಯಿಂದ ಹೊರಗಿಟ್ಟರು. ಆದರೆ ಮರುವರ್ಷವೇ ವೇತನದ ಆಟಕ್ಕೆ ಅಧಿಕೃತ ಮನ್ನಣೆ ದೊರೆಯಿತು. 1888ರಲ್ಲಿ ಹನ್ನೆರಡು ಸಂಘಗಳು ಕೂಡಿ ಲೀಗ್ ಸ್ಪರ್ಧೆಯನ್ನು ಆರಂಭಿಸಿದಾಗ, ಪ್ರೆಸ್ಟನ್ 22 ಪಂದ್ಯಗಳಲ್ಲಿ 18ನ್ನು ಗೆದ್ದು, 4ನ್ನು ಸಮ ಮಾಡಿಕೊಂಡು, ಒಂದನ್ನೂ ಸೋಲದೆ ಪ್ರಥಮ ವಿಜೇತನಾಯಿತು. ಅದೇ ಋತುವಿನಲ್ಲಿ, ಎದುರಾಳಿಗೆ ಒಂದು ಗೋಲನ್ನೂ ಬಿಟ್ಟುಕೊಡದೆ ಎಫ್.ಎ. ಕಪ್ಪನ್ನೂ ಗೆದ್ದಿತು. ‘ಅಜೇಯರು’ ಎಂಬ ಬಿರುದು ಆ ತಂಡಕ್ಕೆ ಇಂದಿಗೂ ಉಳಿದಿದೆ.

ಇಷ್ಟಕ್ಕೇ ಚರಿತ್ರೆಯನ್ನು ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. 1895ರಲ್ಲಿ ಸಡೆಲ್, ತಾನು ದುಡಿಯುತ್ತಿದ್ದ ಗಿರಣಿಯ ಹಣವನ್ನು ದುರುಪಯೋಗ ಮಾಡಿದ ಅಪರಾಧಕ್ಕಾಗಿ ಮೂರು ವರ್ಷಗಳ ಸೆರೆವಾಸಕ್ಕೆ ಗುರಿಯಾದನು. ವೇತನದ ವಿಷಯದಲ್ಲಿ ಧೈರ್ಯವಾಗಿ ಸತ್ಯವನ್ನು ನುಡಿದವನೇ ಲೆಕ್ಕದ ಪುಸ್ತಕದಲ್ಲಿ ಸತ್ಯವನ್ನು ಬಿಟ್ಟದ್ದು ವಿಷಾದದ ಸಂಗತಿ. ಕೀರ್ತಿಯನ್ನು ತಂದುಕೊಟ್ಟನೆಂಬ ಕಾರಣಕ್ಕೆ ಈ ದೋಷವನ್ನು ಮುಚ್ಚುವುದೂ ಸಲ್ಲದು, ದೋಷವಿತ್ತೆಂದು ಸಾಧನೆಯನ್ನು ಅಳಿಸುವುದೂ ಸಲ್ಲದು.

ಅಜೇಯರ ಕಾಲಕ್ಕೆ ತುಸು ಮೊದಲು, 1886-87ರಲ್ಲಿ, ಈ ಸಂಘದ ಗೋಲನ್ನು ಕಾಯ್ದವನು ಆರ್ಥರ್ ವಾರ್ಟನ್. ಇಂದು ಘಾನಾ ಎನಿಸಿಕೊಂಡಿರುವ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ 1865ರಲ್ಲಿ ಹುಟ್ಟಿ, ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಬಂದವನು. 1886ರಲ್ಲಿ ನೂರು ಗಜಗಳ ಓಟವನ್ನು ಹತ್ತು ಸೆಕೆಂಡುಗಳಲ್ಲಿ ಓಡಿ ರಾಷ್ಟ್ರೀಯ ವಿಜೇತನಾದನು. ಪ್ರೆಸ್ಟನ್ನಿನಲ್ಲಿ ವೇತನವಿಲ್ಲದೆ ಆಡಿದ ಈತ ಮುಂದೆ 1889ರಲ್ಲಿ ರಾದರಮ್ ಟೌನ್ ಸಂಘದಲ್ಲಿ ವೃತ್ತಿಯ ಆಟಗಾರನಾದನು. ವೃತ್ತಿಯಾಗಿ ಕಾಲ್ಚೆಂಡನ್ನು ಆಡಿದ ಮೊದಲ ಕರಿಯ ಜನಾಂಗದವನೆಂದು ಇವನನ್ನು ಪರಿಗಣಿಸುತ್ತಾರೆ. ಕಡೆಗಾಲದಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದು, 1930ರಲ್ಲಿ ಬಡವನಾಗಿ ತೀರಿಕೊಂಡನು. ಅವನ ಸಮಾಧಿಗೆ ಹೆಸರಿನ ಕಲ್ಲೊಂದು ಬಂದುದು 1997ರಲ್ಲಿ. ಅಷ್ಟು ವೇಗವಾಗಿ ಓಡಿದವನ ನೆನಪು ಜನರನ್ನು ಮುಟ್ಟಲು ಅರವತ್ತೇಳು ವರ್ಷಗಳು ಹಿಡಿದವು.

ಮೂರನೆಯವನು ಬಿಲ್ ಶ್ಯಾಂಕ್ಲಿ. 1913ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಗಣಿಗಾರರ ಹಳ್ಳಿಯಲ್ಲಿ ಹುಟ್ಟಿದವನು; ಬಾಲ್ಯದಲ್ಲಿ ಗಣಿಯಲ್ಲಿ ದುಡಿದವನು. ಅವನೂ ಸೇರಿದಂತೆ ಐವರು ಸೋದರರೂ ವೃತ್ತಿಯ ಆಟಗಾರರಾದರು. 1933ರಲ್ಲಿ ಪ್ರೆಸ್ಟನ್ನಿಗೆ ಬಂದ ಶ್ಯಾಂಕ್ಲಿ 1937ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಸೋತು, ಮರುವರ್ಷ ಅದೇ ಕಪ್ಪನ್ನು ಗೆದ್ದ ತಂಡದಲ್ಲಿದ್ದನು. 1959ರಿಂದ 1974ರವರೆಗೆ ಲಿವರ್‌ಪೂಲ್ ಸಂಘದ ವ್ಯವಸ್ಥಾಪಕನಾಗಿ ಮೂರು ಲೀಗ್ ಪ್ರಶಸ್ತಿಗಳನ್ನು ತಂದುಕೊಟ್ಟು ಜಗತ್ಪ್ರಸಿದ್ಧನಾದನು. ಹೀಗಿದ್ದೂ ತನ್ನ ಹಳೆಯ ಸಂಘದ ಒಬ್ಬ ಜೊತೆಗಾರನನ್ನು ಆತ ಜೀವಮಾನವಿಡೀ ಎಲ್ಲರಿಗಿಂತ ಮಿಗಿಲೆಂದು ಹೊಗಳುತ್ತಿದ್ದನು. ಆ ಜೊತೆಗಾರನೇ ಟಾಮ್ ಫಿನ್ನಿ.

ಫಿನ್ನಿ ಹುಟ್ಟಿದುದು 1922ರಲ್ಲಿ, ಪ್ರೆಸ್ಟನ್ನಿನಲ್ಲಿಯೇ. ಚಿಕ್ಕಂದಿನಲ್ಲಿ ಕೃಶಕಾಯದ ಹುಡುಗ. ಸಂಘದಿಂದ ಕರೆ ಬಂದಾಗ, ಮೊದಲು ಕೈಕಸುಬನ್ನು ಕಲಿತು ಮುಗಿಸಬೇಕೆಂದು ತಂದೆ ಪಟ್ಟುಹಿಡಿದರು. ಮಗ ನಲ್ಲಿ ಕೊಳಾಯಿಗಳ ಕೆಲಸವನ್ನು ಕಲಿತನು. ‘ಪ್ರೆಸ್ಟನ್ನಿನ ಪ್ಲಂಬರ್’ ಎಂಬ ಹೆಸರು ಅವನಿಗೆ ಬಿರುದಾಗಿ ನಿಂತಿತು. ಸ್ವಭಾವತಃ ಎಡಗಾಲಿನವನಾಗಿದ್ದು, ಅಭ್ಯಾಸಬಲದಿಂದ ಬಲಗಾಲನ್ನೂ ಅಷ್ಟೇ ಪಳಗಿಸಿಕೊಂಡನು. ಮಹಾಯುದ್ಧದಲ್ಲಿ ಸೈನಿಕನಾಗಿ ಈಜಿಪ್ಟ್ ಇಟಲಿಗಳಲ್ಲಿ ಸೇವೆ ಸಲ್ಲಿಸಿದುದರಿಂದ, ಅವನ ಮೊದಲ ಲೀಗ್ ಪಂದ್ಯ 1946ರವರೆಗೆ ಕಾಯಬೇಕಾಯಿತು. ಅಲ್ಲಿಂದ 1960ರವರೆಗೆ ಒಂದೇ ಸಂಘಕ್ಕಾಗಿ 433 ಲೀಗ್ ಪಂದ್ಯಗಳನ್ನಾಡಿ 187 ಗೋಲುಗಳನ್ನು ಗಳಿಸಿದನು. ಇಂಗ್ಲೆಂಡಿನ ಪರವಾಗಿ 76 ಪಂದ್ಯಗಳಲ್ಲಿ 30 ಗೋಲುಗಳು. ನಿಯಮಭಂಗಕ್ಕಾಗಿ ಒಮ್ಮೆಯಾದರೂ ಪಂಚರ ಪುಸ್ತಕದಲ್ಲಿ ಇವನ ಹೆಸರು ದಾಖಲಾಗಲಿಲ್ಲ.

1952ರಲ್ಲಿ ಇಟಲಿಯ ಪಲೆರ್ಮೊ ಸಂಘ ಹತ್ತು ಸಾವಿರ ಪೌಂಡುಗಳನ್ನು ಕೊಡುವುದಾಗಿ ಫಿನ್ನಿಯನ್ನು ಕರೆಯಿತು. ಆಟಗಾರರ ವೇತನಕ್ಕೆ ಇಂಗ್ಲೆಂಡಿನಲ್ಲಿ ಆಗ ಮಿತಿಯಿತ್ತು. ಅವನು ನಿವೃತ್ತನಾಗುವ ಹೊತ್ತಿಗೂ ಅದು ವಾರಕ್ಕೆ 20 ಪೌಂಡುಗಳನ್ನು ಮೀರಿರಲಿಲ್ಲ. ಪ್ರೆಸ್ಟನ್ನಿನ ಆಡಳಿತದವರು ಅವನನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆದ್ದರಿಂದ ಅವನು ಉಳಿದುದನ್ನು ಕೇವಲ ತ್ಯಾಗವೆಂದು ವರ್ಣಿಸುವುದು ಅತಿಶಯೋಕ್ತಿ. ಹೋಗುವ ಸ್ವಾತಂತ್ರ್ಯವೇ ಅವನಿಗಿರಲಿಲ್ಲ. ಆದರೆ ಹಾಗೆ ಉಳಿಯಬೇಕಾಗಿ ಬಂದಾಗ ಮುನಿಸಿನಿಂದ ಆಟವನ್ನು ಕುಂದಿಸದೆ, ಇನ್ನೂ ಎಂಟು ವರ್ಷ ಅದೇ ನಿಷ್ಠೆಯಿಂದ ಆಡಿದನಲ್ಲ, ಅದು ಅವನ ಸ್ವಂತದ ಗುಣ. ಆಟದ ಜೊತೆಯಲ್ಲಿ ಕೊಳಾಯಿಯ ಕಸುಬನ್ನೂ ಬಿಡಲಿಲ್ಲ.

ಇಂಥವನಿಗೆ ಪ್ರಥಮ ಶ್ರೇಣಿಯ ಲೀಗ್ ಪ್ರಶಸ್ತಿಯಾಗಲಿ ಎಫ್.ಎ. ಕಪ್ ಆಗಲಿ ಒಮ್ಮೆಯೂ ದೊರೆಯಲಿಲ್ಲ. 1953ರಲ್ಲಿ ಪ್ರೆಸ್ಟನ್ ಮತ್ತು ಆರ್ಸೆನಲ್ ಸಂಘಗಳ ಅಂಕಗಳು ಸಮವಾಗಿ, ಗೋಲುಗಳ ಸರಾಸರಿಯಲ್ಲಿ ಪ್ರಶಸ್ತಿ ಕೈತಪ್ಪಿತು. 1954ರ ಕಪ್ಪಿನ ಅಂತಿಮ ಪಂದ್ಯ 2-3ರಲ್ಲಿ ಹೋಯಿತು. ಅವನು ನಿವೃತ್ತನಾದ ಮರುವರ್ಷವೇ ಸಂಘ ಎರಡನೆಯ ಶ್ರೇಣಿಗೆ ಇಳಿಯಿತು. ಒಬ್ಬನ ಬೆಲೆ ಅವನಿದ್ದಾಗ ಬಂದ ಬಹುಮಾನಗಳಿಂದಲ್ಲದೆ, ಅವನು ಹೋದ ಮೇಲೆ ಕಂಡ ಕೊರತೆಯಿಂದಲೂ ತಿಳಿಯುತ್ತದೆ.

1998ರಲ್ಲಿ ಅವನಿಗೆ ಸರ್ ಪದವಿ ದೊರೆಯಿತು. 2014ರಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ತೀರಿಕೊಂಡನು. ನೀರು ನಿಂತ ಮೈದಾನದಲ್ಲಿ ಚೆಂಡಿನ ಬೆನ್ನಟ್ಟಿ ನೀರನ್ನು ಚಿಮ್ಮಿಸುತ್ತಿರುವ ಅವನ ಪ್ರತಿಮೆಯನ್ನು 2004ರಲ್ಲಿ ಡೀಪ್‌ಡೇಲಿನ ಹೊರಗೆ ನಿಲ್ಲಿಸಿದರು. 1956ರ ಒಂದು ಛಾಯಾಚಿತ್ರ ಅದಕ್ಕೆ ಆಧಾರ. ಆ ಪ್ರತಿಮೆಯ ಕೈಯಲ್ಲಿ ಕಪ್ಪಿಲ್ಲ. ನೀರನ್ನು ಲೆಕ್ಕಿಸದೆ ಕೆಲಸದಲ್ಲಿ ತೊಡಗಿರುವ ಒಬ್ಬ ಮನುಷ್ಯನಿದ್ದಾನೆ.

ಪ್ರೆಸ್ಟನ್ನಿನ ಪಟ್ಟಿಯಲ್ಲಿ ಅಜೇಯರ ಪುಟವೇ ಉಜ್ವಲವಾದುದು, ನಿಜ. ಆದರೆ ಸೋಲುಗಳ ನಡುವೆ ಹದಿನಾಲ್ಕು ವರ್ಷ ಒಂದೇ ಹದದಿಂದ ಆಡಿದವನ ಪುಟವನ್ನು ಆ ಊರು ಹೆಚ್ಚು ಪ್ರೀತಿಯಿಂದ ತೆರೆಯುತ್ತದೆ. ಸಂಸ್ಥೆಗಳನ್ನು ಕಟ್ಟುವವರೂ ನಡೆಸುವವರೂ, ಗೆದ್ದವರ ಹೆಸರನ್ನು ಫಲಕದಲ್ಲಿ ಬರೆಸುವಾಗ, ಗೆಲ್ಲದೆಯೂ ಸಂಸ್ಥೆಯನ್ನು ಎತ್ತಿಹಿಡಿದವರ ಹೆಸರಿಗೆ ಒಂದು ಸಾಲಿನ ಜಾಗವನ್ನು ಉಳಿಸಿಕೊಳ್ಳಲಿ ಎಂಬುದೇ ನನ್ನ ವಿನಮ್ರ ಬಿನ್ನಹ. ಅದಕ್ಕಾಗಿ ಅರವತ್ತೇಳು ವರ್ಷ ಕಾಯುವಂತಾಗದಿರಲಿ.